ಧಾತು ಹೋದರೆ ಶಕ್ತಿ ಹೋಗುವುದಿಲ್ಲ

ಮಾನಸಿಕ ತೊಂದರೆಗಳ ವಿಚಿತ್ರ ಹೆಸರುಗಳನ್ನು ಪಟ್ಟಿ ಮಾಡಿದ ನಿಮ್ಮ ಲೇಖನದಲ್ಲಿ ‘ಧಾತ್ ಸಿಂಡ್ರೋಮ್’ಗೆ, ಅಂದರೆ ಧಾತು (ವೀರ್ಯ) ಹೋದರೆ ಮೈಯ ಶಕ್ತಿಯೂ ಹೋಗುತ್ತದೆ ಅನ್ನುವ ಭಯಕ್ಕೆ, ಒಂದೇ ಸಾಲು ಕೊಟ್ಟಿದ್ದೀರಿ. ನಮ್ಮ ಕಡೆ ಹುಡುಗರನ್ನು ಕಾಡುವುದು ಇದೇ ಅಲ್ವಾ? ಈ ಹೆಸರಿಟ್ಟವರು ಮನೋವೈದ್ಯ ಡಾ. ಎನ್.ಎನ್. ವಿಗ್, 1960ರಲ್ಲಿ. ನಿದ್ದೆಯಲ್ಲಿ ವೀರ್ಯ ಹೋಯಿತು, ಮೂತ್ರದ ಜೊತೆ ಬಿಳಿ ಹೋಗುತ್ತಿದೆ, ಅದಕ್ಕೇ ಸುಸ್ತು, ಸೊಂಟ ನೋವು ಅಂತ ಡಾಕ್ಟರ ಹತ್ತಿರ ಬರುತ್ತಾರೆ. ಪರೀಕ್ಷೆ ಮಾಡಿದರೆ ಹೆಚ್ಚಿನವರಲ್ಲಿ ಏನೂ ಇರುವುದಿಲ್ಲ. ಸುಸ್ತು ಮಾತ್ರ ಸುಳ್ಳಲ್ಲ. ಅದರ ಹಿಂದೆ ಇರುವುದು ಭಯ, ಆತಂಕ, ಕೆಲವರಲ್ಲಿ ಖಿನ್ನತೆ.

40 ಹನಿ ರಕ್ತ ಸೇರಿದರೆ ಒಂದು ಹನಿ ವೀರ್ಯ ಅನ್ನುವ ಲೆಕ್ಕವಂತೂ ಶುದ್ಧ ಬುರುಡೆ. ಒಂದು ಸಲಕ್ಕೆ ಬರುವುದು ಸುಮಾರು 2ರಿಂದ 5 ಮಿಲಿಲೀಟರ್, ಹೆಚ್ಚೆಂದರೆ ಒಂದು ಟೀ ಚಮಚ. ಅದರಲ್ಲಿ ಬಹುಪಾಲು ನೀರು, ಸ್ವಲ್ಪ ಫ್ರುಕ್ಟೋಸ್ ಅನ್ನುವ ಸಕ್ಕರೆ, ಸ್ವಲ್ಪ ಪ್ರೋಟೀನ್. ಹೋಗಲಿ ಬಿಡಲಿ, ವೃಷಣಗಳು ಹೊಸ ವೀರ್ಯಾಣು ಮಾಡುತ್ತಲೇ ಇರುತ್ತವೆ.

ಆದರೆ ಇದು ಭಾರತದವರಿಗೆ ಮಾತ್ರ ಬಂದ ಹೆದರಿಕೆ ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಸ್ವಿಟ್ಜರ್ಲೆಂಡಿನ ವೈದ್ಯ ಟಿಸ್ಸೋ 1760ರಲ್ಲೇ ಇದೇ ಭಯ ಹುಟ್ಟಿಸುವ ಪುಸ್ತಕ ಬರೆದಿದ್ದ. ಯುರೋಪಿನ ಡಾಕ್ಟರುಗಳೂ ಬಹಳ ಕಾಲ ಅದನ್ನು ನಂಬಿದ್ದರು. ನಮ್ಮಲ್ಲಿ ಬಸ್ ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ’ ಚೀಟಿಗಳು ಇನ್ನೂ ಕಿತ್ತುಬಂದಿಲ್ಲ. ಸುಮ್ನೆ ಅಲ್ಲಿ ದುಡ್ಡು ಸುರಿಯುವ ಬದಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ ಅಂತ ಲೇಖನದಲ್ಲೇ ಒಂದು ಮಾತು ಸೇರಿಸಿ.