ಒತ್ತದೆ ಹೋದವರ ತಲೆಬರಹ

‘ರಾತ್ರಿಯಿಡೀ ಚಾರ್ಜಿಗಿಟ್ಟರೆ ಫೋನ್ ಸ್ಫೋಟಿಸುತ್ತದೆಯೇ?’ ಎಂದು ತಲೆಬರಹ ಕೊಡುವವರಿಗೆ ಉತ್ತರ ಗೊತ್ತಿರುತ್ತದೆ. ಸ್ಫೋಟಿಸುತ್ತದೆ ಎನ್ನಲು ಆಧಾರವಿದ್ದಿದ್ದರೆ ಅವರು ಹಾಗೆಂದೇ ಬರೆಯುತ್ತಿದ್ದರು. ಆಧಾರವಿಲ್ಲದ್ದರಿಂದಲೇ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಇಂಥ ತಲೆಬರಹಗಳಿಗೆ ‘ಇಲ್ಲ’ ಎಂದು ಉತ್ತರಿಸಿಬಿಡಬಹುದು ಎಂದು ಬ್ರಿಟನ್ನಿನ ಪತ್ರಕರ್ತ ಇಯಾನ್ ಬೆಟರಿಡ್ಜ್ 2009ರಲ್ಲಿ ಬರೆದ ಮಾತು ಈಗ ಅವರ ಹೆಸರಿನ ನಿಯಮವಾಗಿಯೇ ಚಲಾವಣೆಯಲ್ಲಿದೆ.

ಪ್ರಶ್ನೆಯಾದರೂ ವಿಷಯವನ್ನು ಹೇಳುತ್ತದೆ. ‘ಕೊನೆಗೂ ಮೌನ ಮುರಿದ ನಟಿ’ ಎಂಬುದು ಅಷ್ಟನ್ನೂ ಹೇಳುವುದಿಲ್ಲ. ಒಳಗೆ ಹೋಗಿ ನೋಡಿದರೆ ಆಕೆ ಮೌನವಾಗಿದ್ದದ್ದೇ ಸುಳ್ಳು, ಅದುವರೆಗೆ ಯಾರೂ ಆಕೆಯನ್ನು ಕೇಳಿರಲಿಲ್ಲ ಅಷ್ಟೆ. ತಿಳಿದಿರುವುದಕ್ಕೂ ತಿಳಿಯಬೇಕೆನಿಸುವುದಕ್ಕೂ ನಡುವಿನ ಅಂತರದಿಂದ ಕುತೂಹಲ ಹುಟ್ಟುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವನ್‌ಸ್ಟೈನ್ 1994ರಲ್ಲಿ ವಿವರಿಸಿದ್ದರು. ಆ ಅಂತರವನ್ನು ತುಂಬುವುದು ಬರಹದ ಕೆಲಸ; ನಮ್ಮ ಜಾಲತಾಣಗಳಲ್ಲಿ ಹಲವರು ಅದನ್ನು ತೋಡುವುದನ್ನೇ ಕಸುಬು ಮಾಡಿಕೊಂಡಿದ್ದಾರೆ.

ಕ್ಲಿಕ್ ಮಾಡಿ ಮೋಸಹೋದವನ ಬಗ್ಗೆ ನನಗೆ ಅಷ್ಟೇನೂ ಮರುಕವಿಲ್ಲ; ಅವನಿಗೆ ಕಳೆದುಹೋಗುವುದು ಅರ್ಧ ನಿಮಿಷ, ಮುಂದಿನ ಬಾರಿ ಆ ತಾಣದ ಹೆಸರು ಕಂಡರೆ ತಾನೇ ಹುಷಾರಾಗುತ್ತಾನೆ. ನನ್ನ ಚಿಂತೆ ತಲೆಬರಹವನ್ನಷ್ಟೇ ನೋಡಿ, ಕೊಂಡಿಯನ್ನು ಒತ್ತದೆ ಹೋಗುವವರದು. ಟ್ವಿಟರಿನಲ್ಲಿ ಹಂಚಿಕೆಯಾದ ಸುದ್ದಿಕೊಂಡಿಗಳಲ್ಲಿ ಶೇ 59ರಷ್ಟನ್ನು ಯಾರೂ ತೆರೆದೇ ಇರಲಿಲ್ಲವೆಂದು ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಕಂಡುಕೊಂಡರು. ಅಲ್ಲಿ ತಲೆಬರಹವನ್ನು ಬಿಟ್ಟರೆ ಬೇರೆ ಸುದ್ದಿಯೇ ಓದುಗರನ್ನು ತಲುಪಿರುವುದಿಲ್ಲ. ಫೋನ್ ಸ್ಫೋಟಿಸಬಹುದು ಎಂಬ ಅನುಮಾನವನ್ನಷ್ಟೇ ಹೊತ್ತು ಅವರು ಮುಂದಕ್ಕೆ ಸಾಗುತ್ತಾರೆ, ಸಾಧ್ಯವಾದರೆ ಇನ್ನಿಬ್ಬರಿಗೆ ಕಳಿಸಿಯೂ ಬಿಡುತ್ತಾರೆ. ಪೂರ್ತಿ ಓದಿದವರೂ ಪೂರ್ಣ ಪಾರಾಗುವುದಿಲ್ಲ: ದಾರಿತಪ್ಪಿಸುವ ತಲೆಬರಹ ಮೂಡಿಸಿದ ಅಭಿಪ್ರಾಯ ಒಳಗಿನ ಸರಿಯಾದ ವಿವರವನ್ನು ಓದಿದ ಮೇಲೂ ಉಳಿಯಬಲ್ಲದೆಂದು ಮನಶ್ಶಾಸ್ತ್ರಜ್ಞ ಉಲ್ರಿಚ್ ಎಕರ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದಾರೆ.

ಹಾಗಾಗಿ ಆ ಫೋನಿನ ತಲೆಬರಹವನ್ನು ತಿದ್ದುವುದಾದರೆ, ಓದದೆ ಹೋಗುವವರನ್ನು ಎದುರಿಗೆ ಕೂರಿಸಿಕೊಂಡೇ ತಿದ್ದಬೇಕು. ‘ರಾತ್ರಿಯಿಡೀ ಚಾರ್ಜಿಗಿಟ್ಟರೆ ಏನಾಗುತ್ತದೆ ಗೊತ್ತಾ?’ ಎಂಬುದನ್ನು ಮೊದಲೇ ಹೊಡೆದುಹಾಕೋಣ. ‘ರಾತ್ರಿಯ ಚಾರ್ಜಿಂಗ್: ತಜ್ಞರು ಹೇಳುವುದೇನು’ ಎಂಬುದು ಸಭ್ಯವಾಗಿದೆ, ಆದರೆ ಹೇಳುವುದನ್ನು ಹೇಳಿಲ್ಲ. ‘ತುಂಬಿದ ಮೇಲೆ ಫೋನ್ ತಾನೇ ಚಾರ್ಜ್ ನಿಲ್ಲಿಸುತ್ತದೆ, ಬ್ಯಾಟರಿಯ ಆಯುಷ್ಯ ತಗ್ಗಿಸುವುದು ಬಿಸಿ’ ಎಂದರೆ, ಒತ್ತದೆ ಹೋದವರೂ ದಿಂಬಿನಡಿಯ ಫೋನನ್ನು ಮೇಜಿನ ಮೇಲಿಟ್ಟಾರು. ಎಲ್ಲವನ್ನೂ ಹೇಳಿಬಿಟ್ಟರೆ ಯಾರು ಒತ್ತುತ್ತಾರೆ ಎಂದು ಸಂಪಾದಕರು ಕೇಳುವುದು ನ್ಯಾಯವೇ. ಬಿಸಿ ಬ್ಯಾಟರಿಗೆ ಏನು ಮಾಡುತ್ತದೆ, ಎಷ್ಟು ಬಿಸಿಯಾದರೆ ಹೆದರಬೇಕು ಎಂಬ ಪ್ರಶ್ನೆಗಳು ಇನ್ನೂ ಬಾಕಿ ಇವೆ. ಅವಕ್ಕೆ ಒಳಗೆ ಉತ್ತರವಿದ್ದರೆ ಬೇಕಾದವರು ಬಂದೇ ಬರುತ್ತಾರೆ. ಒಂದೇ ಸಾಲಿನಲ್ಲಿ ಬರಿದಾಗುವ ಬರಹಕ್ಕೆ, ನನ್ನ ಮಟ್ಟಿಗೆ, ಆ ಒಂದು ಸಾಲೇ ಸಾಕಾಗಿತ್ತು.