ನಿಮ್ಮ ಬಜೆಟ್ ಎಷ್ಟು ಸಾರ್?

ಹಾಸನದ ವಿದ್ಯಾನಗರದಿಂದ ಹಾಸನದ್ದೇ ಕುವೆಂಪು ನಗರಕ್ಕೆ ಮನೆ ಸಾಮಾನು ಸಾಗಿಸಲು 14,800 ರೂಪಾಯಿ. ಜಿಎಸ್‌ಟಿ ಬೇರೆ. “ಇದು ಬರೀ ಅಂದಾಜು ಸಾರ್, ಫೈನಲ್ ರೇಟು ಗಾಡಿ ಬಂದ ಮೇಲೆ ಹೇಳ್ತಾರೆ” ಅಂತ ಪ್ಯಾಕರ್ಸ್ ಅಂಡ್ ಮೂವರ್ಸ್ ಕಂಪನಿಯ ಹುಡುಗಿ ಫೋನಿನ ಆ ಕಡೆಯಿಂದ ಬಹಳ ಅಕ್ಕರೆಯಿಂದ ಹೇಳಿದಳು.

ಹೇಳ್ತಾರೆ, ಹೇಳದೆ ಬಿಡ್ತಾರಾ? ಗಾಡಿ ಬರುವ ಹೊತ್ತಿಗೆ ಮಂಚ ಬಿಚ್ಚಿಯಾಗಿರುತ್ತದೆ, ಗ್ಯಾಸ್ ಸಿಲಿಂಡರ್ ಹೊಸ್ತಿಲ ಹತ್ತಿರ ಬಂದಿರುತ್ತದೆ, ಮುಂದಿನ ಬಾಡಿಗೆಯವರು ಗೇಟಿನಲ್ಲಿ ನಿಂತು ನಲ್ಲಿ ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ ಅಂತ ಓನರ್ ಹತ್ತಿರ ವಿಚಾರಿಸುತ್ತಿರುತ್ತಾರೆ. ಆಗ ಇಪ್ಪತ್ತು ಸಾವಿರ ಅಂದರೂ ಹೂಂ ಅನ್ನಲೇಬೇಕು. ಅವರು ಅಂದಾಜು ಹಾಕೋದು ನಮ್ಮ ಸಾಮಾನಿನ ತೂಕವನ್ನಲ್ಲ, ನಾವು ಎಷ್ಟರ ಮಟ್ಟಿಗೆ ಸಿಕ್ಕಿಹಾಕಿಕೊಂಡಿದ್ದೇವೆ ಅನ್ನೋದನ್ನ.

ಶಾಲೆ ಶುರುವಾಗುವ ಮೊದಲು, ವರ್ಗಾವಣೆ ಆರ್ಡರ್ ಕೈಗೆ ಬಂದ ಮೇಲೆ, ಎಲ್ಲರ ಮನೆಯಲ್ಲೂ ಇದೇ ಕಥೆ. ಹಾಗಾಗಿ ಪೂರ್ತಿ ಹೇಳೋದು ಬೇಡ. ಮೊಬೈಲಿನಲ್ಲಿ ‘ಉಚಿತ ಅಂದಾಜು’ ಅಂತ ಒಂದು ಫಾರ್ಮ್ ಇರುತ್ತದೆ, ತುಂಬುತ್ತೀರಿ, ಒತ್ತುತ್ತೀರಿ. ಅಷ್ಟೇ. ಅವತ್ತಿಂದ ನಿಮ್ಮ ನಂಬರು ನಿಮ್ಮದಲ್ಲ. ಊಟಕ್ಕೆ ಕೂತಾಗ ಒಬ್ಬ, ಗಾಡಿ ಓಡಿಸುವಾಗ ಒಬ್ಬ, ಸಾವಿನ ಮನೆಯಲ್ಲಿ ನಿಂತಿದ್ದಾಗ ಇನ್ನೊಬ್ಬ. ಕಂಪನಿಗಳ ಹೆಸರೂ ಹೆಚ್ಚುಕಮ್ಮಿ ಒಂದೇ, ಎಲ್ಲೋ ಒಂದಕ್ಷರ ಆಚೀಚೆ. “ಹಾಸನ ಅಂದ್ರೆ ಬೆಂಗಳೂರಲ್ಲಿ ಯಾವ ಏರಿಯಾ ಸಾರ್?” ಅಂತ ಒಬ್ಬ ಮಹಾನುಭಾವ ಕೇಳಿದ. ಪ್ರಧಾನಮಂತ್ರಿಯನ್ನು ಕೊಟ್ಟ ಜಿಲ್ಲೆ ಕಣಪ್ಪಾ ಅನ್ನೋಣ ಅಂದುಕೊಂಡೆ, ಬಿಡು, ಅದನ್ನ ಕೇಳಿ ರೇಟು ಇನ್ನೊಂದು ಸಾವಿರ ಏರಿಸಿದರೆ ಅಂತ ಸುಮ್ನಾದೆ.

ಇವರೆಲ್ಲರದ್ದೂ ಒಂದೇ ಪ್ರಶ್ನೆ: “ನಿಮ್ಮ ಬಜೆಟ್ ಎಷ್ಟು ಸಾರ್?” ಅಲ್ಲಾ, ರೇಟು ಕೇಳಿದ್ದು ನಾನು. ಹೋಟೆಲಿನಲ್ಲಿ ಮಸಾಲೆ ದೋಸೆ ಎಷ್ಟು ಅಂತ ಕೇಳಿದರೆ ನಿಮ್ಮ ಜೇಬಲ್ಲಿ ಎಷ್ಟಿದೆ ಅಂತ ಮಾಣಿ ತಿರುಗಿ ಕೇಳ್ತಾನಾ?

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಆ ಫಾರ್ಮಿನ ಸಾಮಾನು ಪಟ್ಟಿ. ಅದನ್ನು ಬರೆದ ಪುಣ್ಯಾತ್ಮ ಎಂಥಾ ಮನೆಯಲ್ಲಿ ಹುಟ್ಟಿ ಬೆಳೆದನೋ. ಟ್ರೆಡ್‌ಮಿಲ್ ಎಷ್ಟಿದೆ? ಪಿಯಾನೊ ಎಷ್ಟಿದೆ? ಅಕ್ವೇರಿಯಂ ದೊಡ್ಡದಾ, ಚಿಕ್ಕದಾ? ಬಾರ್ ಕ್ಯಾಬಿನೆಟ್ ಇದೆಯಾ? ಇದನ್ನೆಲ್ಲ ಹಾಸನದ ಎರಡು ಬೆಡ್‌ರೂಮಿನ ಮೇಲ್ಮನೆಯವನನ್ನು ಕೇಳ್ತಾರೆ. ನಮ್ಮ ಮನೆಯಲ್ಲಿ ನಿಜಕ್ಕೂ ಇರೋದು ಯಾವುದೂ ಅಲ್ಲಿಲ್ಲ. ಊರಿಂದ ಬಂದ ರಾಗಿ ಮೂಟೆ ಇಲ್ಲ. ಹೊಳೆಯೋ ಹಾಗೆ ತಿಕ್ಕಿ ಅಟ್ಟದ ಮೇಲಿಟ್ಟ, ಯಾರೂ ನೀರು ಕಾಯಿಸದ ತಾಮ್ರದ ಹಂಡೆ ಇಲ್ಲ. ಒರಳುಕಲ್ಲು ಇಲ್ಲ. ಅದರಲ್ಲಿ ರುಬ್ಬಿ ಯಾವ ಕಾಲವಾಯ್ತೋ, ಆದರೂ ಅಜ್ಜಿ ಕಾಲದ್ದು ಅಂತ ಬಿಟ್ಟು ಬರುವ ಹಾಗಿಲ್ಲ. ನೀರು ಬಿಡದ ದಿನಕ್ಕೆ ಅಂತ ತುಂಬಿಟ್ಟ ನೀಲಿ ಡ್ರಮ್ಮುಗಳು, ಸಿಮೆಂಟಿನ ತುಳಸಿ ಕಟ್ಟೆ, ಅರ್ಧ ಮೂಟೆ ಆಲೂಗಡ್ಡೆ, ಅರಸೀಕೆರೆ ಕಡೆಯ ನೆಂಟರು ಕೊಟ್ಟ ತೆಂಗಿನಕಾಯಿ ಚೀಲ, ಒಂದಕ್ಕೂ ಗುರುತು ಹಾಕುವ ಜಾಗವಿಲ್ಲ. ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗಳನ್ನು ಹೇಳಲೇ ಇಲ್ಲ ನೋಡಿ. ಅವುಗಳ ಮೇಲೆ ಕೊಟ್ಟವರ ಹೆಸರಿದೆ, ಕೊಟ್ಟವರು ಮನೆಗೆ ಬರ್ತಾರೆ, ಬಂದಾಗ ಅದೇ ತಟ್ಟೆಯಲ್ಲಿ ಬಡಿಸಬೇಕು. ಟಿವಿಯ ಖಾಲಿ ಡಬ್ಬ ಕೂಡ ನಮ್ಮ ಜೊತೆ ಮನೆಯಿಂದ ಮನೆಗೆ ಬರುತ್ತದೆ, ಶಿಫ್ಟಿಂಗ್‌ಗೆ ಬೇಕಾಗುತ್ತೆ ಅಂತಲೇ ಇಟ್ಟಿರುತ್ತೇವೆ. ಶಿಫ್ಟಿಂಗ್ ದಿನ ಅದರೊಳಗೆ ಚಪ್ಪಲಿ ತುಂಬಿರುತ್ತೇವೆ, ಟಿವಿ ಹೊಸ ಮನೆಗೆ ಹೋಗೋದು ಕಾರಿನ ಹಿಂದಿನ ಸೀಟಿನಲ್ಲಿ, ಬೆಡ್‌ಶೀಟ್ ಹೊದ್ದುಕೊಂಡು.

ಇದನ್ನೆಲ್ಲ ‘ಇತರೆ’ ಅನ್ನೋ ಒಂದು ಕಾಲಂಗೆ ಹಾಕಿ ಅಂತಾರೆ. ನಮ್ಮ ಮನೆ ಪೂರ್ತಿ ಇತರೆ.

ಇದೇ ಊರಿನ ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರ ಎಂಸಿಎಫ್, ಅಂದರೆ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ಇದೆ. 1982ರಿಂದ ಇದೆ. ನೆಲದಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಇಲ್ಲಿ ಕೂತೇ ನೋಡಿಕೊಳ್ಳುತ್ತಾರೆ. ಅವಕ್ಕೂ ಒಮ್ಮೊಮ್ಮೆ ಜಾಗ ಬದಲಾಯಿಸಬೇಕಾಗುತ್ತದೆ. ಎಷ್ಟು ಇಂಧನ ಸುಡಬೇಕು, ಎಷ್ಟು ಹೊತ್ತು ಸುಡಬೇಕು, ಹೋಗಿ ಸೇರಲು ಎಷ್ಟು ದಿನ, ಎಲ್ಲ ಮೊದಲೇ ಲೆಕ್ಕ ಹಾಕಿರುತ್ತಾರೆ. ಅರ್ಧ ದಾರಿಯಲ್ಲಿ ನಿಲ್ಲಿಸಿ “ಬೀರು ಇದೆ ಅಂತ ಹೇಳ್ಲೇ ಇಲ್ವಲ್ಲ ಸಾರ್” ಅನ್ನಲ್ಲ. ಆ ಕೆಲಸ ಆಗೋ ಊರಿನಲ್ಲಿ, ನಾಲ್ಕು ಬೀದಿ ಆಚೆಗೆ ಒಂದು ಫ್ರಿಡ್ಜ್ ಹೋಗಲು ಎಷ್ಟಾಗುತ್ತೆ ಅಂತ ಯಾರಿಗೂ ಹೇಳೋಕಾಗಲ್ಲ.

ಹಾಗಂತ ಲಗೇಜ್ ಆಟೋ ಸ್ಟ್ಯಾಂಡಿನವರು ಸತ್ಯಹರಿಶ್ಚಂದ್ರರು ಅಂತ ನಾನು ಹೇಳ್ತಾ ಇಲ್ಲ. ಅಲ್ಲಿ ಅಂದಾಜು ಅನ್ನೋ ಮಾತೇ ಇಲ್ಲ. “ಎಷ್ಟಣ್ಣಾ?” ಅಂದರೆ “ಏನೋ ನೋಡ್ಕೊಂಡು ಕೊಡಿ ಸಾರ್” ಅಂತಾರೆ. ಇದಕ್ಕಿಂತ ಭಯಂಕರವಾದ ಕೊಟೇಶನ್ ಲೋಕದಲ್ಲಿಲ್ಲ. ಕಮ್ಮಿ ಕೊಟ್ಟರೆ ನಿಮ್ಮ ಮರ್ಯಾದೆ ಹೋಯ್ತು, ಜಾಸ್ತಿ ಕೊಟ್ಟರೆ ಮನೆಯವರ ಮುಂದೆ ಮರ್ಯಾದೆ ಹೋಯ್ತು. ಆದರೆ ಒಂದು ಒಪ್ಪಬೇಕು. ಆ ಟಾಟಾ ಏಸ್ ಅಣ್ಣ ಬಂದು ಕೇಳೋದು ಸರಿಯಾದ ಪ್ರಶ್ನೆ. ಕೆಳಗಿನ ಮನೆನಾ, ಮೇಲ್ಮನೆನಾ? ಮೆಟ್ಟಿಲು ಒಳಗಿದೆಯಾ, ಹೊರಗಾ? ಬೀರು ಕಬ್ಬಿಣದ್ದಾ? ಬೀದಿ ಅಗೆದಿದ್ದಾರಾ? ಆಮೇಲೆ ಒಳಗೆ ಬಂದು ಒಂದ್ಸಲ ಕತ್ತು ತಿರುಗಿಸಿ “ಎರಡು ಟ್ರಿಪ್ ಆಗುತ್ತೆ” ಅಂದರೆ ಎರಡೇ ಟ್ರಿಪ್. ಮುಕ್ಕಾಲು ಟನ್ ಗಾಡಿ ಅಂತ ಕಂಪನಿ ಬರೆದುಕೊಂಡಿರಬಹುದು, ಅದರ ಮೇಲೆ ಎಷ್ಟು ಏರಿಸಬಹುದು ಅನ್ನೋದು ಅಣ್ಣನಿಗೆ ಮಾತ್ರ ಗೊತ್ತು. ಫಾರ್ಮಿನಲ್ಲಿ ಬೀದಿ ಅಗೆದಿದ್ದಾರಾ ಅನ್ನೋ ಪ್ರಶ್ನೆಯೇ ಇಲ್ಲ. ನಗರಸಭೆ ಹೋಗಿ ಮಹಾನಗರ ಪಾಲಿಕೆ ಆಯ್ತು, ಸಂತೋಷ. ಬಾಡಿಗೆ ಅವತ್ತೇ ಮಹಾನಗರದ್ದಾಯ್ತು. ಬೀದಿ ಮಾತ್ರ ಇನ್ನೂ ಹಳೆ ಬೋರ್ಡಿನಲ್ಲೇ ಇದೆ.

ಇನ್ನು ದಿನ. ಬೆಂಗಳೂರಿನ ಕ್ಯಾಬಿನವರು ಮಳೆ ಬಂದರೆ ರೇಟು ಏರಿಸ್ತಾರೆ ಅಂತ ಜನ ಬೈಯ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಪಂಚಾಂಗ ಎಷ್ಟೋ ತಲೆಮಾರಿನಿಂದ ಮಾಡಿಕೊಂಡು ಬಂದಿದೆ. ಆಷಾಢದಲ್ಲಿ ಮನೆ ಬದಲಾಯಿಸಬಾರದು. ಧನುರ್ಮಾಸದಲ್ಲಿ ಬೇಡ. ಅಮಾವಾಸ್ಯೆ ಬೇಡ, ಮಂಗಳವಾರ ಬೇಡ, ಶನಿವಾರ ಬೇಡವೇ ಬೇಡ. ಉಳಿದ ದಿನದಲ್ಲಿ ರಾಹುಕಾಲ ತೆಗೆದು, ಆಫೀಸಿಗೆ ರಜಾ ಇರೋ ದಿನ ಅಂತ ನೋಡಿದರೆ ಸಿಗೋದು ಶ್ರಾವಣದ ಒಂದು ಭಾನುವಾರ, ಬೆಳಗ್ಗೆ ಆರರಿಂದ ಏಳೂವರೆ. ಅದೇ ಒಂದೂವರೆ ಗಂಟೆಯಲ್ಲಿ ಹಾಲುಕ್ಕಿಸಬೇಕು ಅಂತ ಇಡೀ ಹಾಸನ ಹೊರಟಿರುತ್ತದೆ. ಗಾಡಿ ಎಲ್ಲಿಂದ ಸಿಗುತ್ತೆ? ಆಷಾಢದಲ್ಲಿ ಅದೇ ಗಾಡಿಯವರು ಬೀಡಿ ಸೇದ್ತಾ ಕೂತಿರ್ತಾರೆ, ಕೇಳಿದ ರೇಟಿಗೆ ಬರ್ತಾರೆ. ಆದರೆ ಅತ್ತೆಯವರಿಗೆ ಇದನ್ನು ಹೇಳೋ ಧೈರ್ಯ ಯಾರಿಗಿದೆ?

ಅಷ್ಟಕ್ಕೂ ನಾವು ಪದೇ ಪದೇ ಗಂಟು ಮೂಟೆ ಕಟ್ಟೋದು ಯಾಕೆ? ಹನ್ನೊಂದು ತಿಂಗಳ ಅಗ್ರಿಮೆಂಟು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಬ್ರಿಟಿಷರು ಮಾಡಿಟ್ಟು ಹೋದರು, ಅದನ್ನು ತಪ್ಪಿಸಿಕೊಳ್ಳಲು ನಾವು ಹನ್ನೆರಡನೇ ತಿಂಗಳನ್ನೇ ಕ್ಯಾಲೆಂಡರಿನಿಂದ ಕಿತ್ತು ಹಾಕಿದೆವು. ಹನ್ನೊಂದು ಮುಗಿಯುತ್ತಿದ್ದ ಹಾಗೆ ಓನರ್ ಅಂಕಲ್ ಕಾಫಿಗೆ ಕರೀತಾರೆ. ಕಾಫಿ ಚೆನ್ನಾಗಿರುತ್ತೆ. “ಮಗ ವಾಪಸ್ ಬರ್ತಾ ಇದಾನೆ ಕಣ್ರೀ” ಅಂತಾರೆ. ಮಗ ಬರಲ್ಲ. ಎರಡು ಸಾವಿರ ಜಾಸ್ತಿ ಕೊಡೋ ಬೇರೆ ಯಾರೋ ಬರ್ತಾರೆ. ನಮ್ಮ ಹಾಸನಾಂಬೆಯ ಬಾಗಿಲು ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ ತೆಗೆದರೆ ಬಲಿಪಾಡ್ಯಮಿ ಮುಗಿಯುತ್ತಿದ್ದಂತೆ ಮುಚ್ಚುತ್ತದೆ, ಮುಂದಿನ ವರ್ಷದವರೆಗೆ ಒಳಗಿನ ದೀಪ ಆರಲ್ಲ, ಹೂವು ಬಾಡಲ್ಲ ಅನ್ನೋದು ಎಲ್ಲರ ನಂಬಿಕೆ. ಬಾಡಿಗೆ ಮನೆಯಲ್ಲಿ ಹನ್ನೊಂದು ತಿಂಗಳಿಗೆ ಬಾತ್‌ರೂಮಿನ ಬಲ್ಬೂ ಉಳಿಯಲ್ಲ, ಹೋಗುವಾಗ ಅದರ ದುಡ್ಡನ್ನೂ ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದಂತೂ ಇದ್ದೇ ಇದೆ. ಯಾವ ಗೋಡೆಗೆ ಬಳಿದರು ಅಂತ ನೋಡಲು ನಾವು ಅಲ್ಲಿರಲ್ಲ. ಅಂದಹಾಗೆ ಹಾಸನಾಂಬೆ ಜಾತ್ರೆ ಹೊತ್ತಿಗೆ ಶಿಫ್ಟಿಂಗ್ ಇಟ್ಟುಕೊಳ್ಳಬೇಡಿ. ಊರೊಳಗೆ ಸೈಕಲ್ಲೂ ನುಗ್ಗಲ್ಲ.

ಕಂಪನಿಯವರ ಬಿಲ್ಲಿಗೆ ಬರ್ತೀನಿ. ಪ್ಯಾಕಿಂಗ್ ಇಷ್ಟು, ಲೋಡಿಂಗ್ ಇಷ್ಟು, ಅನ್‌ಲೋಡಿಂಗ್ ಇಷ್ಟು, ಮಹಡಿಗೆ ಇಷ್ಟು, ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಸೋ ಜಿಎಸ್‌ಟಿ ಚೀಟಿ, ಅದೇ ಇ-ವೇ ಬಿಲ್, ಮಾಡಿಸಿದ್ದಕ್ಕೆ ಇಷ್ಟು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ ಅಂತ ಜಿಎಸ್‌ಟಿ ನಿಯಮದಲ್ಲೇ ಬರೆದಿದೆ. ಹೇಳಿದರೆ “ಸಿಸ್ಟಮ್ ತಗೋತಾ ಇಲ್ಲ ಸಾರ್” ಅಂತಾರೆ. ಗಾಡಿ ಬಾಡಿಗೆ ಅಂತ ತೋರಿಸಿರೋದು ಮಾತ್ರ ಪಾಪ, ಬಹಳ ಕಮ್ಮಿ. ನಮ್ಮ ಮೇಲೆ ಕರುಣೆಯಿಂದ ಅಂದುಕೊಂಡಿರಾ? 2007ರ ಸರಕು ಸಾಗಣೆ ಕಾಯ್ದೆ, ಅದರ ಕೆಳಗಿನ ನಿಯಮ ಸ್ವಲ್ಪ ಓದಿ. ಸಾಮಾನಿನ ಬೆಲೆಯನ್ನು ಮೊದಲೇ ಬರೆದು ಕೊಟ್ಟಿಲ್ಲ ಅಂದರೆ, ಸಾಗಿಸುವಾಗ ಕಳೆದರೆ ಒಡೆದರೆ ಕೊಡಬೇಕಾದ ಪರಿಹಾರ ಸಾಗಣೆ ಬಾಡಿಗೆಯ ಹತ್ತು ಪಟ್ಟು ಮೀರಲ್ಲ. ಬಾಡಿಗೆ ಕಮ್ಮಿ ಬರೆದಷ್ಟೂ ನಿಮ್ಮ ಟಿವಿ ಅಗ್ಗ. ಕೇಸು ಹಾಕಬೇಕಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಅಷ್ಟರಲ್ಲಿ ಕಂಪನಿ ಒಂದಕ್ಷರ ಬದಲಾಯಿಸಿಕೊಂಡು ಬೇರೆ ಹೆಸರಲ್ಲಿ ನಿಮಗೇ ಫೋನ್ ಮಾಡಿ ಬಜೆಟ್ ಎಷ್ಟು ಸಾರ್ ಅಂತ ಕೇಳ್ತಾ ಇರುತ್ತೆ. ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ನಿನಲ್ಲಿ ಬಸ್ಸು ಆಟೋ ದರದ ಜೊತೆಗೆ ಸರಕು ಸಾಗಣೆ ದರದ ಬಗ್ಗೆಯೂ ನಿರ್ದೇಶನ ಕೊಡುವ ಅಧಿಕಾರ ಸರ್ಕಾರಕ್ಕಿದೆಯಂತೆ. ಇರಲಿ ಬಿಡಿ. ಮೀಟರ್ ಹಾಕಿದ ಆಟೋದ ಕಥೆಯೇ ನಮಗೆ ಗೊತ್ತಿದೆ.

ಇಲ್ಲಿವರೆಗೆ ನಗ್ತಾ ಬರೆದೆ. ಬಿಲ್ಲಿನ ಇನ್ನೊಂದು ಸಾಲು ನೋಡಿದಾಗ ನಗು ಬರಲಿಲ್ಲ. ಟ್ರಾನ್ಸಿಟ್ ಇನ್ಶೂರೆನ್ಸ್, ಸಾಮಾನಿನ ಬೆಲೆಯ ಮೇಲೆ ಶೇಕಡಾ 3. ಮಿಕ್ಸಿಗೆ ಇನ್ಶೂರೆನ್ಸ್ ಇದೆ. ಡ್ರೆಸ್ಸಿಂಗ್ ಟೇಬಲ್ ಕನ್ನಡಿಗೆ ಇದೆ. 30-40 ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಜಾಗ ಉಳಿಸಲು ಹೊರಗೆ ಒಬ್ಬರೇ ಹತ್ತೋ ಅಷ್ಟು ಮೆಟ್ಟಿಲು ಇಟ್ಟಿರ್ತಾರಲ್ಲ, ಅದರಲ್ಲಿ ಬೀರು ತಿರುಗಲ್ಲ ಅಂತ ಹಗ್ಗ ಕಟ್ಟಿ ಪ್ಯಾರಾಪೆಟ್ ಮೇಲಿಂದ ಇಳಿಸೋ ಹುಡುಗನಿಗೆ ಏನಿದೆ? ಕೆಳಗೆ ನಿಂತು ಅಂಗೈಯಲ್ಲಿ ಹಿಡಿಯೋನಿಗೆ ಏನಿದೆ? ಹೆಲ್ಮೆಟ್ ಇಲ್ಲ, ಗ್ಲೌಸ್ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. “ನಿಮಗೆ ದಿನಕ್ಕೆ ಎಷ್ಟು ಕೊಡ್ತಾರಪ್ಪಾ?” ಅಂತ ಕೇಳಿದೆ. “ಎಂಟುನೂರು ಸಾರ್, ಊಟ ನಮ್ದೇ” ಅಂದ. ಹದಿನಾಲ್ಕು ಸಾವಿರದ ಎಂಟುನೂರರಲ್ಲಿ ಆ ಎಂಟುನೂರು ಅವನದ್ದು. ಹಮಾಲರಂಥ ಅಸಂಘಟಿತ ಕಾರ್ಮಿಕರಿಗೆ ಅಂತ ರಾಜ್ಯದಲ್ಲಿ ಅಂಬೇಡ್ಕರ್ ಸಹಾಯ ಹಸ್ತ ಯೋಜನೆ ಇದೆ, ಹೆಸರು ಬರೆಸಿದರೆ ಸ್ಮಾರ್ಟ್ ಕಾರ್ಡ್ ಕೊಡ್ತಾರೆ. ಇದೆಯಾ ಅಂತ ಕೇಳಿದರೆ ಅವನು ಆಧಾರ್ ತೋರಿಸಿದ. ಅವನಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರು ನನ್ನ ಬಜೆಟ್ ಕೇಳೋದರಲ್ಲಿ ಬಿಜಿ ಇದ್ದರು.

ನಾವೂ ಕಮ್ಮಿ ಇಲ್ಲ. ಕಂಪನಿಗೆ ತುಟಿ ಪಿಟಕ್ ಅನ್ನದೆ ಮೊಬೈಲಿನಲ್ಲಿ ದುಡ್ಡು ಕಳಿಸ್ತೀವಿ, ಆ ಹುಡುಗರು ಟೀ ಕಾಸು ಕೇಳಿದರೆ “ಎಲ್ಲಾ ಪ್ಯಾಕೇಜಲ್ಲೇ ಸೇರಿದೆ” ಅಂತ ಕಾನೂನು ಮಾತಾಡ್ತೀವಿ. ಫ್ರಿಡ್ಜಿಗೆ ಒಂದು ಗೀರು ಬಿದ್ದರೆ ಬೀದಿ ಕೇಳೋ ಹಾಗೆ ಕೂಗ್ತೀವಿ. ಅವನ ಮೊಣಕೈ ಗೋಡೆಗೆ ತರೆದು ರಕ್ತ ಬಂದರೆ ಅರಿಶಿನ ಕೊಟ್ಟು ದೊಡ್ಡವರಾಗ್ತೀವಿ.

ಕಂಪನಿಯವರಿಗೆ ಒಂದೇ ಕೇಳೋದು. ಬಿಲ್ಲಿನಲ್ಲಿ ಅಷ್ಟೊಂದು ಸಾಲು ಬರೀತೀರಲ್ಲ, ಇನ್ನೊಂದು ಸೇರಿಸಿ: ಹೊತ್ತವರಿಗೆ ಕೊಟ್ಟ ಕೂಲಿ ಎಷ್ಟು, ಅವರು ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು. ಅದನ್ನ ಬರೆದ ಮೇಲೆ ಬಬಲ್ ಶೀಟಿಗೆ, ರಟ್ಟಿನ ಡಬ್ಬಕ್ಕೆ ನಿಮ್ಮ ಮನಸ್ಸಿಗೆ ಬಂದಷ್ಟು ಹಾಕಿಕೊಳ್ಳಿ, ಚೌಕಾಸಿ ಮಾಡಲ್ಲ. ಇ-ವೇ ಬಿಲ್ಲಿಗೆ ಮಾತ್ರ ಮಾಡ್ತೀನಿ.