ಎತ್ತದ ಕೈಗಳು

ಇಂದು ನಮ್ಮ ಕಾಲೇಜಿನಲ್ಲಿ ‘ಶೈಕ್ಷಣಿಕ ಅಸಮಾನತೆ’ ಕುರಿತು ಅತಿಥಿ ಉಪನ್ಯಾಸವಿತ್ತು. ಹೊರಗೆ ಮಡಿಕೇರಿಯ ಬಿಡದ ಮಳೆ, ಒಳಗೆ ಒದ್ದೆ ಕೊಡೆಗಳ ಮುಗ್ಗಲು ವಾಸನೆ. ಸ್ವಾಗತ, ಶಾಲು, ಹಣ್ಣಿನ ಬುಟ್ಟಿಗಳಿಗೇ ಮುಕ್ಕಾಲು ಗಂಟೆ ಕಳೆದದ್ದರಿಂದ, ಸಿದ್ದಾಪುರದ ಕಡೆಯ ಬಸ್ಸು ಹಿಡಿಯಬೇಕಾದ ನಾವೆಲ್ಲ ಉಪನ್ಯಾಸ ಆರಂಭವಾಗುವ ಮೊದಲೇ ಗಡಿಯಾರ ನೋಡತೊಡಗಿದ್ದೆವು.

ಬಂದವರು ವಿಷಯ ಬಲ್ಲವರು, ಅದನ್ನು ಅಲ್ಲಗಳೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಮಾತ್ರ ಅನ್ವಯಿಸುವುದರಿಂದ ಎಂಟನೆಯ ತರಗತಿಯ ನಂತರ ಮಗು ಏನಾಯಿತೆಂದು ಕೇಳುವವರಿಲ್ಲ ಎಂದರು, ನಿಜ. 1951ರ ತೋಟ ಕಾರ್ಮಿಕರ ಕಾಯ್ದೆಯನ್ನೂ ನೆನಪಿಸಿದರು. ಒಂದು ತೋಟದಲ್ಲಿ ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ, ಅವರ ಶಿಕ್ಷಣಕ್ಕೆ ಮಾಲೀಕರೇ ವ್ಯವಸ್ಥೆ ಮಾಡುವಂತೆ ನಿಯಮ ರೂಪಿಸುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತಂತೆ. ತೋಟದ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಗಳಲ್ಲಿ ಆಗ ನಾವು ಇದ್ದದ್ದು 18 ಮಕ್ಕಳು. ಕಾಯ್ದೆಯ ಕಣ್ಣಿಗೆ ಬೀಳಲು ಇನ್ನೂ ಎಂಟು ಮಕ್ಕಳು ಬೇಕಾಗಿದ್ದರು. ನಮ್ಮ ಹೆತ್ತವರಿಗೆ ಈ ಲೆಕ್ಕವನ್ನು ಯಾರೂ ಮೊದಲೇ ತಿಳಿಸಿರಲಿಲ್ಲವೆಂದು ಕಾಣುತ್ತದೆ.

ನನ್ನನ್ನು ಕೆರಳಿಸಿದ್ದು ‘ಆ ಮಕ್ಕಳು’ ಎಂಬ ಮಾತು. ಆ ಮಕ್ಕಳು ಶಾಲೆ ಬಿಡುತ್ತಾರೆ, ಆ ಮಕ್ಕಳ ತಂದೆತಾಯಿಗೆ ಅರಿವಿನ ಕೊರತೆ, ಆ ಮಕ್ಕಳಲ್ಲಿ ಕನಸುಗಳನ್ನು ಬಿತ್ತಬೇಕು! ಬ್ರಹ್ಮಗಿರಿಯ ಆಚೆಯ ಯಾವುದೋ ದೇಶದವರ ಬಗ್ಗೆ ಮಾತನಾಡುವಂತೆ ಒಂದು ಗಂಟೆ ಮಾತನಾಡಿದರು, ನಾವು ಐದನೆಯ ಸಾಲಿನಲ್ಲಿ ಕುಳಿತು ಕೇಳಿದೆವು.

ಅರಿವಿನ ಕೊರತೆಯಂತೆ. ರೊಬಸ್ಟಾ ಕಾಫಿಯ ಕುಯ್ಲಿನ ಕಾಲದಲ್ಲಿ, ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವ ಜನವರಿ–ಫೆಬ್ರವರಿಯಲ್ಲಿ, ಮನೆಯ ಪ್ರತಿಯೊಂದು ಕೈಯೂ ಹಣವೇ. ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ ಬರುವುದೂ ಆಗಲೇ. ಆ ವರ್ಷ ಅಮ್ಮ ನನ್ನನ್ನು ತೋಟಕ್ಕೆ ಇಳಿಸಲಿಲ್ಲ. ಆನೆ ಬಂದಿದೆಯೆಂದು ತೋಟದ ದಾರಿ ಬಿಟ್ಟು ರಸ್ತೆ ಸುತ್ತಿಕೊಂಡು ನನ್ನನ್ನು ಶಾಲೆಗೆ ಬಿಟ್ಟು, ತಡವಾಗಿ ಹೋಗಿ, ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಬೈಸಿಕೊಂಡು ಚೀಲ ತುಂಬುತ್ತಿದ್ದಳು. ಸಂಜೆ ಕಾಯಿ ಕುಯ್ದು ಕಪ್ಪಾದ ಬೆರಳುಗಳನ್ನು ಹುಣಸೆಹುಳಿಯಿಂದ ಉಜ್ಜಿ ತೊಳೆದ ಮೇಲೆಯೇ, ಎಲ್ಲಿ ಕಲೆಯಾಗುವುದೋ ಎಂದು ಹೆದರುತ್ತ, ನನ್ನ ಅಂಕಪಟ್ಟಿಗೆ ಸಹಿ ಹಾಕುತ್ತಿದ್ದಳು. ಅವಳಲ್ಲಿ ಕೊರತೆಯಿದ್ದದ್ದು ದುಡ್ಡಿನದು ಮತ್ತು ನಿದ್ರೆಯದು.

ಇಷ್ಟು ದೂರ ಬಂದು ನಮ್ಮ ಸಮಸ್ಯೆಯ ಬಗ್ಗೆ ಮಾತನಾಡಿದ್ದೇ ದೊಡ್ಡದಲ್ಲವೇ, ಉದ್ದೇಶ ಒಳ್ಳೆಯದಲ್ಲವೇ ಎಂದು ಗೆಳತಿಯೊಬ್ಬಳು ಹೇಳಿದಳು. ಇರಬಹುದು. ಉದ್ದೇಶ ಒಳ್ಳೆಯದಾಗಿದ್ದರೆ ಎದುರಿಗೆ ಕುಳಿತವರ ಮುಖ ಕಾಣಿಸಬಾರದೆಂದೇನೂ ಇಲ್ಲವಲ್ಲ.

ಕೊನೆಯಲ್ಲಿ ಅವರು, “ಈ ಸಭಾಂಗಣದಲ್ಲಿ ಲೈನ್ ಮನೆಗಳಿಂದ ಬಂದವರು ಯಾರಾದರೂ ಇದ್ದರೆ ಕೈ ಎತ್ತಿ” ಎಂದರು. ನನಗೆ ಗೊತ್ತಿರುವಂತೆಯೇ ಏಳು ಜನರಿದ್ದೆವು. ಒಂದು ಕೈಯೂ ಏಳಲಿಲ್ಲ. “ನೋಡಿ, ಆ ಮಕ್ಕಳು ಇಲ್ಲಿಯವರೆಗೆ ಬಂದೇ ಇಲ್ಲ, ಇದೇ ಅಸಮಾನತೆ” ಎಂದು ಅವರು ಗೆದ್ದವರಂತೆ ಮಾತು ಮುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಇಷ್ಟೆಲ್ಲ ಕೋಪ ಮಾಡಿಕೊಳ್ಳುವ ನಾನು, ಪಿಯುಸಿಗೆ ಸೇರಿದಾಗ ಅಪ್ಪ ತೋಟದಲ್ಲಿ ರೈಟರ್ ಎಂದು ಸುಳ್ಳು ಹೇಳಿದವಳು. ಆ ಸುಳ್ಳು ಈಗಲೂ ತರಗತಿಯಲ್ಲಿ ಹಾಗೆಯೇ ನಡೆಯುತ್ತಿದೆ. ಇದನ್ನು ಓದುತ್ತಿರುವ ಸಹಪಾಠಿಗಳಿಗೆ ಇಂದು ಗೊತ್ತಾಗಲಿ. ಆ ಅತಿಥಿ ಕೈ ಎತ್ತಿ ಎಂದಾಗ, ಪಕ್ಕದ ಸಾಲಿನಲ್ಲಿದ್ದ ನಮ್ಮ ಲೈನಿನದೇ ಮೊದಲ ವರ್ಷದ ಹುಡುಗಿ ನನ್ನತ್ತ ತಿರುಗಿದ್ದಳು. ಅವಳ ಬೆರಳುಗಳು ಪುಸ್ತಕದಿಂದ ತುಸು ಮೇಲೆದ್ದಿದ್ದವು. ನಾನು ಗಡಿಯಾರ ನೋಡಿದೆ. ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತು ಬಂದೆವು, ಉಪನ್ಯಾಸದ ಬಗ್ಗೆ ಮಾತ್ರ ಏನೂ ಮಾತನಾಡಲಿಲ್ಲ.